ಸಾಲು ಕಳೆದುಹೋದರೂ ಸದ್ದಾಗಲ್ಲ

ದೊಡ್ಡ ಎಕ್ಸೆಲ್, ಸಿಎಸ್‌ವಿ ಫೈಲುಗಳನ್ನು ಕೋಡ್ ಬರೆದು ಡೇಟಾಬೇಸ್‌ಗೆ ಸೇರಿಸೋದು ಇವತ್ತು ಹತ್ತು ನಿಮಿಷದ ಕೆಲಸ. ಎಲ್ಲಾ ಸರಿಯಾಗಿ ಸೇರಿತಾ ಅಂತ ಖಚಿತ ಮಾಡಿಕೊಳ್ಳೋದು ಮಾತ್ರ ಅಷ್ಟು ಸುಲಭ ಅಲ್ಲ.

2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪಾಸಿಟಿವ್ ಪ್ರಕರಣಗಳು ಸರ್ಕಾರದ ದಿನದ ಲೆಕ್ಕದಿಂದ ಬಿಟ್ಟುಹೋದವು. ಯಾರೋ ಹ್ಯಾಕ್ ಮಾಡಿದ್ದಲ್ಲ, ಸರ್ವರ್ ಕೆಟ್ಟಿದ್ದೂ ಅಲ್ಲ. ಲ್ಯಾಬ್‌ಗಳು ಸಿಎಸ್‌ವಿ ಫೈಲಿನಲ್ಲಿ ಕಳಿಸುತ್ತಿದ್ದ ಫಲಿತಾಂಶಗಳನ್ನು ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆ ಹಳೇ ಕಾಲದ ಎಕ್ಸ್‌ಎಲ್‌ಎಸ್ ಟೆಂಪ್ಲೇಟಿಗೆ ತುಂಬಿ ಮುಂದಿನ ವ್ಯವಸ್ಥೆಗೆ ದಾಟಿಸುತ್ತಿತ್ತು. ಆ ಫಾರ್ಮ್ಯಾಟಿನ ಒಂದು ಶೀಟು ಹಿಡಿಯೋದೇ 65,536 ಸಾಲು. ಒಬ್ಬರ ಪರೀಕ್ಷೆಗೆ ಹಲವು ಸಾಲು ಬೇಕಾಗುತ್ತಿದ್ದರಿಂದ, ಒಂದು ಟೆಂಪ್ಲೇಟಿಗೆ ಸುಮಾರು 1,400 ಪ್ರಕರಣ ತುಂಬಿದರೆ ಜಾಗ ಮುಗಿಯಿತು. ಮಿಕ್ಕವರು ಹೊರಗೇ ಉಳಿದರು.

ಸೋಂಕಿತರಿಗೆ ಅವರವರ ರಿಪೋರ್ಟ್ ಸಿಕ್ಕಿತ್ತು ನಿಜ. ಆದರೆ ಅವರ ಜೊತೆ ಓಡಾಡಿದವರಿಗೆ ಫೋನ್ ಮಾಡಿ "ಮನೆಯಲ್ಲೇ ಇರಿ" ಅಂತ ಹೇಳಬೇಕಿದ್ದ ತಂಡಕ್ಕೆ ಆ ಹೆಸರುಗಳು ಸಮಯಕ್ಕೆ ಸಿಗಲಿಲ್ಲ. ಈ ತಡದಿಂದ ಒಂದು ಲಕ್ಷಕ್ಕೂ ಹೆಚ್ಚು ಹೊಸ ಸೋಂಕು, ಸಾವಿರಕ್ಕೂ ಹೆಚ್ಚು ಸಾವು ಆಗಿರಬಹುದು ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಆಮೇಲೆ ಅಂದಾಜು ಮಾಡಿದರು.

ಎಂಟು ದಿನ ಕೆಲಸ ನಡೀತಾನೇ ಇತ್ತು. ಫೈಲ್ ಬಂತು, ಫೈಲ್ ಹೋಯ್ತು. ಎಷ್ಟು ಬಂತು, ಎಷ್ಟು ಹೋಯ್ತು ಅಂತ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ನಮ್ಮ ಆಫೀಸಿನ ಫೈಲೂ ಹೀಗೇ

"ಈ ಶೀಟನ್ನ ಸಿಸ್ಟಮ್‌ಗೆ ಅಪ್‌ಲೋಡ್ ಮಾಡಿಬಿಡಿ" ಅನ್ನೋ ಮೇಲ್ ಬರದ ಆಫೀಸ್ ಯಾವುದಿದೆ? ಸಂಬಳದ ಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ, ಗ್ರಾಹಕರ ಖಾತೆ, ಆಸ್ಪತ್ರೆಯ ದಾಖಲೆ, ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕ, ಎಲ್ಲವೂ ಮೊದಲು ಹುಟ್ಟೋದು ಎಕ್ಸೆಲ್‌ನಲ್ಲೇ. ಒಂದು ಹಂತದ ನಂತರ ಅದು ಭಾರವಾಗುತ್ತೆ. ಈಗಿನ ಎಕ್ಸ್‌ಎಲ್‌ಎಸ್‌ಎಕ್ಸ್ ಶೀಟಿಗೂ ಮಿತಿ ಇದೆ: 10,48,576 ಸಾಲು, 16,384 ಕಾಲಂ. ಅದಕ್ಕಿಂತ ದೊಡ್ಡ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಫೈಲ್ ಪೂರ್ತಿ ಲೋಡ್ ಆಗಿಲ್ಲ ಅಂತ ಒಂದು ಸಂದೇಶ ಬರುತ್ತೆ. ಅವಸರದಲ್ಲಿ ಅದಕ್ಕೆ ಓಕೆ ಒತ್ತಿ, ಆಮೇಲೆ ಸೇವ್ ಕೂಡ ಮಾಡಿದರೆ ಕತ್ತರಿಸಿದ ಫೈಲೇ ನಿಮ್ಮ ಅಸಲಿ ಫೈಲಾಗುತ್ತೆ.

ಅದಕ್ಕೇ ಡೇಟಾಬೇಸ್. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್, ಮನೆಯಲ್ಲೇ ಪ್ರಯೋಗ ಮಾಡೋರಿಗೆ ಎಸ್‌ಕ್ಯೂಲೈಟ್. ಪೈಥಾನ್ ಗೊತ್ತಿದ್ದವರು ಪಾಂಡಾಸ್ ಲೈಬ್ರರಿ ಹಿಡಿದು ನಾಲ್ಕು ಸಾಲಲ್ಲಿ ಕೆಲಸ ಮುಗಿಸ್ತಾರೆ. ಗೊತ್ತಿಲ್ಲದವರು ಎಐ ಹತ್ತಿರ ಕೇಳಿದರೂ ಕೋಡ್ ಸಿಗುತ್ತೆ. ಕೋಡ್ ಓಡುತ್ತೆ, "ಮುಗೀತು" ಅನ್ನುತ್ತೆ. ಆದರೆ ಆ ನಾಲ್ಕು ಸಾಲು ಏನೇನು ಊಹೆ ಮಾಡಿಕೊಂಡಿತು ಅಂತ ಯಾರೂ ಹೇಳಲ್ಲ. ಅಪಾಯ ಇರೋದು ಆ ಊಹೆಗಳಲ್ಲೇ.

ಡಬಲ್ ಕ್ಲಿಕ್ ಮಾಡೋ ಮುಂಚೆ

ಸಿಎಸ್‌ವಿ ಅಂದರೆ ಬರೀ ಅಕ್ಷರಗಳ ಫೈಲು. ಇದು ಫೋನ್ ನಂಬರ್, ಇದು ದಿನಾಂಕ, ಇದು ಹಣ ಅಂತ ಅದರೊಳಗೆ ಎಲ್ಲೂ ಬರೆದಿರಲ್ಲ. ಎಕ್ಸೆಲ್‌ನಲ್ಲಿ ತೆರೆದ ಕೂಡಲೇ ಅದು ತಾನೇ ಊಹೆ ಮಾಡುತ್ತೆ. "ಸ್ವಲ್ಪ ನೋಡಿ ಮುಚ್ಚಿಬಿಡೋಣ" ಅಂತ ತೆರೆದು, ಮುಚ್ಚುವಾಗ ಸೇವ್ ಒತ್ತಿದರೆ ಆ ಊಹೆಗಳೆಲ್ಲ ಫೈಲಿಗೆ ಇಳಿಯುತ್ತವೆ.

ಬೆಂಗಳೂರಿನ ಎಸ್‌ಟಿಡಿ ಕೋಡ್ 080 ಅನ್ನೋದು 80 ಆಗುತ್ತೆ. 12 ಅಂಕಿಯ ಆಧಾರ್ ಸಂಖ್ಯೆ ಪರದೆ ಮೇಲೆ 1.23457ಇ+11 ಅನ್ನೋ ಥರ ಕಾಣುತ್ತೆ. ಸಿಎಸ್‌ವಿ ಆಗಿ ಸೇವ್ ಮಾಡಿದಾಗ ಎಕ್ಸೆಲ್ ಬರೆಯೋದು ಪರದೆಯಲ್ಲಿ ಕಾಣೋದನ್ನೇ. ಅಂದರೆ ಕೊನೆಯ ಆರು ಅಂಕಿ ಅಲ್ಲಿಗೆ ಹೋದಂಗೇ. ಇನ್ನು 16 ಅಂಕಿಯ ಕಾರ್ಡ್ ನಂಬರೋ ಖಾತೆ ನಂಬರೋ ಆದರೆ, ಎಕ್ಸೆಲ್ ಸಂಖ್ಯೆಗಳಲ್ಲಿ 15 ಅಂಕಿ ಮಾತ್ರ ಇಟ್ಟುಕೊಳ್ಳುವುದರಿಂದ ಕೊನೆಯದು ಸೊನ್ನೆ ಆಗಿಬಿಡುತ್ತೆ. ಆಮೇಲೆ ಕಾಲಂ ಅಗಲ ಮಾಡಿದರೂ ಅದು ವಾಪಸ್ ಬರಲ್ಲ.

ದಿನಾಂಕದ ಕಥೆ ಇನ್ನೂ ಮೋಸದ್ದು. 03/04/2024 ಅಂದರೆ ನಮಗೆ ಏಪ್ರಿಲ್ 3, ಅಮೆರಿಕದ ಸೆಟ್ಟಿಂಗ್ ಇರುವ ಲ್ಯಾಪ್‌ಟಾಪಿಗೆ ಮಾರ್ಚ್ 4. ಅದೇ ಲ್ಯಾಪ್‌ಟಾಪಿಗೆ 13/04/2024 ಕೊಟ್ಟರೆ 13ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದನ್ನು ಬರೀ ಪಠ್ಯವಾಗಿ ಬಿಟ್ಟುಬಿಡುತ್ತೆ. ಒಂದೇ ಕಾಲಂನಲ್ಲಿ ಅರ್ಧ ದಿನಾಂಕ ತಿರುವುಮುರುವು, ಅರ್ಧ ಸರಿ. ಎಲ್ಲವೂ ತಪ್ಪಾಗಿದ್ದರೆ ಯಾರಾದರೂ ಹಿಡೀತಿದ್ದರು.

ಇದು ನಮ್ಮಂಥ ಆಫೀಸು ಜನರ ಗೋಳಷ್ಟೇ ಅಲ್ಲ. ಮನುಷ್ಯನ ಕೆಲವು ವಂಶವಾಹಿಗಳ ಸಂಕ್ಷಿಪ್ತ ಹೆಸರುಗಳು ಮಾರ್ಚ್, ಸೆಪ್ಟೆಂಬರ್ ತಿಂಗಳುಗಳ ಹಾಗೆ ಕಾಣುತ್ತಿದ್ದವು. ಎಕ್ಸೆಲ್ ಅವನ್ನು ದಿನಾಂಕ ಮಾಡಿಬಿಡುತ್ತಿತ್ತು. ಎಕ್ಸೆಲ್‌ನಲ್ಲಿ ವಂಶವಾಹಿ ಪಟ್ಟಿ ಲಗತ್ತಿಸಿದ್ದ ಸಂಶೋಧನಾ ಲೇಖನಗಳ ಪೈಕಿ ಐದರಲ್ಲಿ ಸುಮಾರು ಒಂದರಲ್ಲಿ ಇಂಥ ತಪ್ಪು ಇದೆ ಅಂತ 2016ರ ಒಂದು ಅಧ್ಯಯನ ಹೇಳಿತು. ಕೊನೆಗೆ 2020ರಲ್ಲಿ ವಿಜ್ಞಾನಿಗಳೇ ಸೋತು ವಂಶವಾಹಿಗಳ ಹೆಸರು ಬದಲಿಸಿದರು! ಈ ತಾನೇತಾನಾದ ಬದಲಾವಣೆಯನ್ನು ಆಫ್ ಮಾಡುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಕೊಟ್ಟಿದ್ದು 2023ರಲ್ಲಿ.

ಆದ್ದರಿಂದ ಬಂದ ಫೈಲಿನ ಒಂದು ಪ್ರತಿಯನ್ನು ಮೊದಲು ಬೇರೆ ಫೋಲ್ಡರಿಗೆ ಹಾಕಿ, ರೀಡ್ ಓನ್ಲಿ ಮಾಡಿಡಿ. ನೋಡಲೇಬೇಕು ಅಂದರೆ ನೋಟ್‌ಪ್ಯಾಡಿನಂಥ ಪಠ್ಯ ಸಂಪಾದಕದಲ್ಲಿ ನೋಡಿ. ಕೋಡ್ ಓದಬೇಕಾದ್ದು ಆ ಮುಟ್ಟದ ಪ್ರತಿಯನ್ನೇ. ಕಳಿಸುವವರು ನಿಮ್ಮ ಮಾತು ಕೇಳುವಂತಿದ್ದರೆ ದಿನಾಂಕವನ್ನು 2024-04-03 ಅನ್ನೋ ರೀತಿಯಲ್ಲಿ, ವರ್ಷ ಮೊದಲು ಬರುವಂತೆ ಕೊಡಿ ಅಂತ ಕೇಳಿ.

ಕಾಮಾ, ಎಂಟರ್ ಮತ್ತು ಡಿಸೋಜಾ

ಸಿಎಸ್‌ವಿ ದಶಕಗಳಿಂದ ಬಳಕೆಯಲ್ಲಿದ್ದರೂ ಅದರ ರೂಪ ಹೀಗಿರುತ್ತೆ ಅಂತ ಒಂದು ದಾಖಲೆ ಬಂದಿದ್ದು 2005ರಲ್ಲಿ. ಅದೂ ಕಡ್ಡಾಯ ಅಲ್ಲ. ಹೀಗಾಗಿ ಪ್ರತಿ ಸಾಫ್ಟ್‌ವೇರ್‌ಗೂ ತನ್ನದೇ ಸಿಎಸ್‌ವಿ.

"ಕಾಮಾ ಕಂಡಲ್ಲಿ ಕತ್ತರಿಸಿದರೆ ಆಯ್ತಲ್ಲ" ಅಂತ ಸ್ವಂತ ಕೋಡ್ ಬರೆಯೋ ಆಸೆ ಬರೋದು ಸಹಜ. ಆದರೆ ನಮ್ಮ ವಿಳಾಸ ನೋಡಿ: ನಂ. 12, 3ನೇ ಕ್ರಾಸ್, 4ನೇ ಬ್ಲಾಕ್, ಜಯನಗರ. ಒಂದೇ ವಿಳಾಸದಲ್ಲಿ ಮೂರು ಕಾಮಾ. ಹಣವನ್ನು 1,25,000 ಅಂತ ಬರೆದರೆ ಇನ್ನೆರಡು. ಸರಿಯಾದ ಸಿಎಸ್‌ವಿಯಲ್ಲಿ ಇಂಥ ಕೋಶಗಳು ಉದ್ಧರಣ ಚಿಹ್ನೆಯೊಳಗೆ ಇರುತ್ತವೆ. ಅದನ್ನು ಗೌರವಿಸೋದು ಪೈಥಾನ್‌ನಲ್ಲೇ ಇರುವ ಸಿಎಸ್‌ವಿ ಲೈಬ್ರರಿಗೆ ಗೊತ್ತು. ನಿಮ್ಮ ಕತ್ತರಿಗೆ ಗೊತ್ತಿಲ್ಲ.

ವಿಳಾಸ ಟೈಪ್ ಮಾಡುವಾಗ ಕೋಶದೊಳಗೇ ಹೊಸ ಸಾಲಿಗೆ ಹೋದವರು ಇರ್ತಾರೆ. ಆಗ ಫೈಲಿನಲ್ಲಿ ಕಾಣುವ ಸಾಲುಗಳ ಸಂಖ್ಯೆ ಬೇರೆ, ನಿಜವಾದ ದಾಖಲೆಗಳ ಸಂಖ್ಯೆ ಬೇರೆ. ಎಣಿಸುವಾಗ ದಾಖಲೆಗಳನ್ನೇ ಎಣಿಸಬೇಕು.

ಇನ್ನೊಂದು, ಹೆಸರಿನ ನಡುವೆ ಮೇಲ್ಗೊರಳು ಇರುವ ಮಂಗಳೂರಿನ ಡಿ'ಸೋಜಾ. ಹೆಸರನ್ನು ನೇರವಾಗಿ ಎಸ್‌ಕ್ಯೂಎಲ್ ವಾಕ್ಯದೊಳಗೆ ಅಂಟಿಸಿ ಇನ್ಸರ್ಟ್ ಬರೆದರೆ ಆ ಪುಟ್ಟ ಗುರುತು ಇಡೀ ವಾಕ್ಯವನ್ನು ಮುರಿಯುತ್ತೆ. ಬೇಕೆಂದೇ ಕೆಟ್ಟ ಪಠ್ಯ ತುಂಬಿದ ಫೈಲಾದರೆ ಟೇಬಲ್ಲೇ ಅಳಿಸಿಹೋಗಬಹುದು. ಮೌಲ್ಯಗಳನ್ನು ಪ್ಯಾರಾಮೀಟರ್ ಮೂಲಕವೇ ಕಳಿಸಿ. ಎಲ್ಲಾ ಲೈಬ್ರರಿಗಳಲ್ಲೂ ಆ ಸೌಲಭ್ಯ ಇದೆ.

ಫೈಲಿನಲ್ಲಿ ಕನ್ನಡ ಇದ್ದರೆ

ಎಕ್ಸೆಲ್‌ನಲ್ಲಿ ಸೇವ್ ಆ್ಯಸ್ ಕೊಟ್ಟು ಸಾಮಾನ್ಯ ಸಿಎಸ್‌ವಿ ಆರಿಸಿದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತೆ. ಅದನ್ನು ಯಾವ ಕೋಡೂ ಮತ್ತೆ ಕನ್ನಡ ಮಾಡಲಾರದು. ಪಕ್ಕದಲ್ಲೇ ಇರುವ ಯುಟಿಎಫ್-8 ಸಿಎಸ್‌ವಿ ಆರಿಸಿ. ಆದರೆ ಹಾಗೆ ಉಳಿಸಿದ ಫೈಲಿನ ತಲೆಯಲ್ಲಿ ಎಕ್ಸೆಲ್ ಮೂರು ಬೈಟ್‌ಗಳ ಒಂದು ಅದೃಶ್ಯ ಗುರುತು ಇಡುತ್ತೆ. ಮೊದಲ ಕಾಲಂ ಕಣ್ಣೆದುರೇ ಇದ್ದರೂ ಪೈಥಾನ್ "ಆ ಹೆಸರಿನ ಕಾಲಂ ಇಲ್ಲ" ಅಂತ ಹಟ ಹಿಡಿದರೆ ಕಾರಣ ಬಹುತೇಕ ಇದೇ. ಓದುವಾಗ ಎನ್‌ಕೋಡಿಂಗ್ ಅನ್ನು ಯುಟಿಎಫ್-8-ಸಿಗ್ ಅಂತ ಕೊಟ್ಟರೆ ಸರಿಹೋಗುತ್ತೆ.

ಹಳೇ ಸರ್ಕಾರಿ ಕಡತಗಳು ಬಂದರೆ ಇನ್ನೊಂದು ಎಚ್ಚರ. ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಸಂಕೇತ. ಡೇಟಾಬೇಸ್‌ಗೆ ಹೋದರೆ ಅರ್ಥವಿಲ್ಲದ ಅಕ್ಷರಗಳು. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಸೇರಿಸಿ.

ಯುನಿಕೋಡ್ ಇದ್ದರೂ "ರಾಜ್‌ಕುಮಾರ್" ಮತ್ತು "ರಾಜ್ಕುಮಾರ್" ಡೇಟಾಬೇಸ್‌ಗೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳಾಗಬಹುದು. ಒತ್ತಕ್ಷರ ಆಗದಂತೆ ತಡೆಯಲು ನಡುವೆ ಹಾಕುವ ಕಾಣದ ಗುರುತೇ ವ್ಯತ್ಯಾಸ. ಹೀಗಾಗಿ ಹೆಸರಿನ ಮೇಲೆ ಎರಡು ಪಟ್ಟಿ ಜೋಡಿಸೋಕೆ ಹೋಗಬೇಡಿ. ನೌಕರರ ಸಂಖ್ಯೆಯೋ ಅರ್ಜಿ ಸಂಖ್ಯೆಯೋ ಹುಡುಕಿಕೊಳ್ಳಿ.

ಮೊದಲು ಜಗುಲಿ, ಆಮೇಲೆ ಒಳಮನೆ

ಊರಿನ ಮನೆಗಳಲ್ಲಿ ಬಂದವರು ನೇರ ಅಡುಗೆಮನೆಗೆ ಹೋಗಲ್ಲ. ಜಗುಲಿಯಲ್ಲಿ ಕೂತು, ಯಾರು ಎತ್ತ ಅಂತ ಮಾತಾಗಿ, ಆಮೇಲೆ ಒಳಗೆ. ಡೇಟಾಗೂ ಒಂದು ಜಗುಲಿ ಬೇಕು. ಡೇಟಾಬೇಸ್ ಮಂದಿ ಅದಕ್ಕೆ ಸ್ಟೇಜಿಂಗ್ ಟೇಬಲ್ ಅಂತಾರೆ.

ಅದರ ಎಲ್ಲಾ ಕಾಲಂಗಳೂ ಪಠ್ಯ. ಸಂಖ್ಯೆ, ದಿನಾಂಕ ಏನೂ ಇಲ್ಲ. ಫೈಲಿನಲ್ಲಿ ಹೇಗಿತ್ತೋ ಹಾಗೇ ಬಂದು ಕೂರಲಿ. ಪಾಂಡಾಸ್ ಬಳಸುವವರು ಎಲ್ಲವನ್ನೂ ಸ್ಟ್ರಿಂಗ್ ಆಗಿ ಓದು ಅಂತ ಸ್ಪಷ್ಟವಾಗಿ ಹೇಳಬೇಕು. ಇಲ್ಲದಿದ್ದರೆ ಅದೂ ಊಹೆ ಮಾಡುತ್ತೆ: ಒಂದೆರಡು ಕೋಶ ಖಾಲಿ ಇದ್ದರೆ ಸಾಕು, ಪಿನ್‌ಕೋಡ್ 560011 ಅನ್ನೋದು 560011.0 ಆಗುತ್ತೆ. ನಮೀಬಿಯಾ ದೇಶದ ಎರಡಕ್ಷರದ ಸಂಕೇತ ಎನ್‌ಎ. ಪಾಂಡಾಸ್ ಅದನ್ನು "ಮಾಹಿತಿ ಲಭ್ಯವಿಲ್ಲ" ಅಂತ ತಿಳಿದು ಇಡೀ ದೇಶವನ್ನೇ ಖಾಲಿ ಮಾಡುತ್ತೆ. ಇದನ್ನು ತಡೆಯೋಕೂ ಒಂದು ಸೆಟ್ಟಿಂಗ್ ಇದೆ.

ಸಾಲುಗಳೆಲ್ಲ ಜಗುಲಿಗೆ ಬಂದ ಮೇಲೆ ವಿಚಾರಣೆ. ಪಿನ್‌ಕೋಡ್‌ಗೆ ಆರು ಅಂಕಿ ಇದೆಯಾ, ಮೊದಲನೆಯದು ಸೊನ್ನೆ ಅಲ್ಲ ತಾನೇ? ಐಎಫ್‌ಎಸ್‌ಸಿ ಕೋಡ್ 11 ಅಕ್ಷರ ಇದೆಯಾ, ಐದನೆಯದು ಸೊನ್ನೆಯೇ, ಅಥವಾ ಯಾರಾದರೂ ಇಂಗ್ಲಿಷಿನ ಓ ಟೈಪ್ ಮಾಡಿದ್ದಾರಾ? ದಿನಾಂಕ ಭವಿಷ್ಯದ್ದಾ? ಪಾಸಾದವು ಮುಖ್ಯ ಟೇಬಲ್‌ಗೆ. ಫೇಲಾದವನ್ನು ಎಸೆಯಬೇಡಿ. ಕಾರಣ ಬರೆದು ಇನ್ನೊಂದು ಟೇಬಲ್‌ನಲ್ಲಿ ನಿಲ್ಲಿಸಿ. ಸಾಲು ತಪ್ಪಿದ್ದರೂ ಅದರ ಹಿಂದಿರೋ ವ್ಯಕ್ತಿ ನಿಜ. ಅವರ ವಿದ್ಯಾರ್ಥಿವೇತನ, ಅವರ ಸಂಬಳ ಆ ಸಾಲಿನಲ್ಲೇ ಇದೆ.

ಸುಮ್ಮನಾಗಿಸುವ ಸೆಟ್ಟಿಂಗ್‌ಗಳು

ಕೆಟ್ಟ ಸಾಲು ಸಿಕ್ಕಿ ಪಾಂಡಾಸ್ ನಿಂತುಹೋದಾಗ ಇಂಟರ್‌ನೆಟ್‌ನಲ್ಲಿ ಸುಲಭವಾಗಿ ಸಿಗುವ ಪರಿಹಾರ "ಬ್ಯಾಡ್ ಲೈನ್ಸ್ ಸ್ಕಿಪ್". ಹಾಕಿದ ತಕ್ಷಣ ಎರರ್ ಮಾಯ. ಆ ಸಾಲುಗಳೂ ಮಾಯ. ಎಷ್ಟು ಅಂತ ಹೇಳೋದೂ ಇಲ್ಲ. ಮೈಎಸ್‌ಕ್ಯೂಎಲ್‌ನ "ಇನ್ಸರ್ಟ್ ಇಗ್ನೋರ್" ಕೂಡ ಇದೇ ಜಾತಿ. ಅದರ "ಲೋಡ್ ಡೇಟಾ ಲೋಕಲ್" ಆಜ್ಞೆ ಕೂಡ ಎಷ್ಟೋ ತಪ್ಪುಗಳನ್ನು ಬರೀ ವಾರ್ನಿಂಗ್ ಮಾಡಿ ಮುಂದೆ ಹೋಗುತ್ತೆ. ಮುಗಿದ ಮೇಲೆ ವಾರ್ನಿಂಗ್ ಪಟ್ಟಿ ನೋಡದಿದ್ದರೆ ಗೊತ್ತೇ ಆಗಲ್ಲ.

ಪೋಸ್ಟ್‌ಗ್ರೆಸ್‌ನ "ಕಾಪಿ" ಆಜ್ಞೆ ಇದಕ್ಕೆ ತದ್ವಿರುದ್ಧ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಒಂದು ಸಾಲು ತಪ್ಪಿದ್ದರೂ ಅಲ್ಲೇ ನಿಲ್ಲುತ್ತೆ, ಒಂದನ್ನೂ ಸೇರಿಸಲ್ಲ. ಕಿರಿಕಿರಿ ಅನಿಸುತ್ತೆ. ಆದರೆ ತಪ್ಪು ಕಂಡರೆ ಮುಖಕ್ಕೇ ಹೇಳುವ ಗೆಳೆಯನ ಹಾಗೆ, ನಂಬಬಹುದು.

ಒಂದೊಂದೇ ಅಲ್ಲ, ಎಲ್ಲಾ ಒಟ್ಟಿಗೂ ಅಲ್ಲ

ಈಗ ವೇಗದ ಮಾತು. ಹತ್ತು ಲಕ್ಷ ಸಾಲನ್ನು ಒಂದೊಂದಾಗಿ ಇನ್ಸರ್ಟ್ ಮಾಡಿ, ಪ್ರತಿಯೊಂದಕ್ಕೂ ಕಮಿಟ್ ಕೊಟ್ಟರೆ ರಾತ್ರಿಯಿಡೀ ಕಾಯಬೇಕಾದೀತು. ಪ್ರತಿ ಕಮಿಟ್‌ಗೂ ಡೇಟಾಬೇಸ್ "ಡಿಸ್ಕಿಗೆ ಬರೆದಾಯ್ತು" ಅಂತ ಖಚಿತ ಮಾಡಿಕೊಳ್ಳುತ್ತೆ. ಒಂದು ಮೂಟೆ ಅಕ್ಕಿಯನ್ನು ಕಾಳು ಕಾಳಾಗಿ ಹೊತ್ತ ಹಾಗೆ. ಪೋಸ್ಟ್‌ಗ್ರೆಸ್‌ನಲ್ಲಿ ಕಾಪಿ, ಮೈಎಸ್‌ಕ್ಯೂಎಲ್‌ನಲ್ಲಿ ಲೋಡ್ ಡೇಟಾ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಬಲ್ಕ್ ಇನ್ಸರ್ಟ್ ಇರೋದು ಮೂಟೆ ಹೊರೋಕೆ. ಜಗುಲಿ ಟೇಬಲ್‌ಗೆ ಇಂಡೆಕ್ಸ್ ಇಡಬೇಡಿ. ಬೇಕಾದರೆ ತುಂಬಿದ ಮೇಲೆ ಹಾಕಿ.

ಹಾಗಂತ ಇಡೀ ಫೈಲನ್ನು ಒಂದೇ ಸಲ ಮೆಮೊರಿಗೆ ಎಳೆದರೆ 8 ಜಿಬಿ ಲ್ಯಾಪ್‌ಟಾಪ್ ಉಸಿರುಗಟ್ಟುತ್ತೆ. ಎಕ್ಸ್‌ಎಲ್‌ಎಸ್‌ಎಕ್ಸ್ ಅಂದರೆ ಒಳಗೆ ಎಕ್ಸ್‌ಎಂಎಲ್ ತುಂಬಿದ ಜಿಪ್ ಫೈಲು. ಡೌನ್‌ಲೋಡ್‌ನಲ್ಲಿ ಸಣ್ಣದಾಗಿ ಕಂಡಿದ್ದು ಬಿಚ್ಚಿದಾಗ ಹಲವು ಪಟ್ಟು ಹಿಗ್ಗುತ್ತೆ. ಪೈಥಾನ್‌ನ ಓಪನ್‌ಪೈಎಕ್ಸೆಲ್ ಲೈಬ್ರರಿಯಲ್ಲಿ ರೀಡ್ ಓನ್ಲಿ ವಿಧಾನ, ಪಾಂಡಾಸ್‌ನ ಸಿಎಸ್‌ವಿ ಓದಿನಲ್ಲಿ ಚಂಕ್ ಸೈಜ್ ಬಳಸಿ, 50,000 ಸಾಲಿನ ಕಂತುಗಳಲ್ಲಿ ಓದಿದರೆ ಸಾಮಾನ್ಯ ಲ್ಯಾಪ್‌ಟಾಪ್ ಕೂಡ ಆರಾಮಾಗಿ ನಿಭಾಯಿಸುತ್ತೆ.

ಮಧ್ಯದಲ್ಲಿ ಕರೆಂಟ್ ಹೋದರೆ?

ಆರು ಲಕ್ಷ ಸಾಲು ಹೋಗಿತ್ತು, ವೈಫೈ ಕೈಕೊಟ್ಟಿತು. ಮತ್ತೆ ಓಡಿಸಿದರೆ ಆ ಆರು ಲಕ್ಷ ಎರಡು ಸಲ ಆಗುತ್ತಾ? ಸಂಬಳದ ಪಟ್ಟಿಯಾದರೆ ಇದು ನಗುವ ವಿಷಯ ಅಲ್ಲ.

ಉಪಾಯ ಮೂರು. ಜಗುಲಿಯಿಂದ ಒಳಮನೆಗೆ ದಾಟಿಸುವ ಕೆಲಸ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಆಗಲಿ: ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ಮುಖ್ಯ ಟೇಬಲ್‌ಗೆ ಅರ್ಜಿ ಸಂಖ್ಯೆಯಂಥ ಒಂದು ಯುನಿಕ್ ಕೀ ಇರಲಿ, ಅದೇ ಸಾಲು ಮತ್ತೆ ಬಂದರೆ ಡೇಟಾಬೇಸೇ ತಡೆಯುತ್ತೆ. ಹಾಗೆ ತಡೆದವೂ ನಿಂತವರ ಲೆಕ್ಕಕ್ಕೇ ಸೇರಲಿ. ಮೂರನೆಯದಾಗಿ, ಪ್ರತಿ ಸಾಲಿನ ಜೊತೆ ಯಾವ ಫೈಲು, ಎಷ್ಟನೇ ಸಾಲು, ಯಾವಾಗ ಬಂತು ಅಂತ ಬರೆದಿಡಿ. ಆರು ತಿಂಗಳ ನಂತರ "ಈ ಹೆಸರು ಎಲ್ಲಿಂದ ಬಂತು?" ಅಂತ ಕೇಳಿದಾಗ ಉತ್ತರ ರೆಡಿ ಇರುತ್ತೆ.

ಕೆಲಸ ಮುಗಿದ ಮೇಲೆ ಆಧಾರ್, ಫೋನ್ ನಂಬರ್ ತುಂಬಿದ ಫೈಲನ್ನು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ, ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಿಟ್ಟು ಮನೆಗೆ ಹೋಗಬೇಡಿ. ಎತ್ತಿಟ್ಟ ಅಸಲಿ ಪ್ರತಿ ಕೂಡ ಬೀಗ ಇರುವ ಜಾಗದಲ್ಲಿರಲಿ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ನಮ್ಮ ದೇಶದಲ್ಲೂ ಕಾನೂನು ಬಂದಿದೆ.

ಲೆಕ್ಕ ತಾಳೆ ಆಯ್ತಾ?

ಅಂಗಡಿಯವರು ರಾತ್ರಿ ಶಟರ್ ಎಳೆಯೋ ಮುಂಚೆ ಗಲ್ಲಾಪೆಟ್ಟಿಗೆ ಎಣಿಸಿ ಪುಸ್ತಕದ ಜೊತೆ ತಾಳೆ ನೋಡ್ತಾರೆ. ಯಾವ ಕೋರ್ಸಿನಲ್ಲೂ ಕಲಿತಿದ್ದಲ್ಲ ಅದು. ಡೇಟಾ ಸೇರಿಸುವವರಿಗೂ ಅಷ್ಟೇ ಬೇಕಾಗಿರೋದು. ಫೈಲಿನಲ್ಲಿದ್ದ ದಾಖಲೆ ಎಷ್ಟು? ಒಳಗೆ ಹೋಗಿದ್ದು ಎಷ್ಟು? ಹೊರಗೆ ನಿಂತಿದ್ದು ಎಷ್ಟು? ಕೊನೆಯ ಎರಡನ್ನು ಕೂಡಿದರೆ ಮೊದಲನೆಯದು ಬರಬೇಕು. ಹಣದ ಕಾಲಂ ಇದ್ದರೆ ಅದರ ಮೊತ್ತವೂ ಎರಡೂ ಕಡೆ ಹೊಂದಬೇಕು. ಜೊತೆಗೆ ಫೈಲಿನ ಮೊದಲ ಸಾಲು, ಕೊನೆಯ ಸಾಲು, ನಡುವಿನ ಹತ್ತು ಸಾಲು ಕಣ್ಣಿಂದ ಹೋಲಿಸಿ.

ಇದನ್ನೇ ಕೋಡಿನ ಕೊನೆಯ ಭಾಗವಾಗಿ ಬರೆದಿಡಿ. ತಾಳೆ ಆಗದಿದ್ದರೆ ಪ್ರೋಗ್ರಾಂ ನಿಲ್ಲಲಿ, ಜೋರಾಗಿ ಹೇಳಲಿ. ಫೈಲ್ ಕಳಿಸುವವರಿಗೂ ಒಂದು ಕೋರಿಕೆ ಇಡಿ: ಮೇಲ್‌ನಲ್ಲಿ ಒಟ್ಟು ದಾಖಲೆ ಇಷ್ಟು, ಒಟ್ಟು ಮೊತ್ತ ಇಷ್ಟು ಅಂತ ಒಂದು ಸಾಲು ಬರೆಯಿರಿ ಅಂತ. ಎರಡು ಕಡೆಯ ಎಣಿಕೆ ಇಲ್ಲದೆ ತಾಳೆ ಅನ್ನೋ ಮಾತೇ ಇಲ್ಲ.

ಮುಂದಿನ ಸಲ ಮ್ಯಾನೇಜರ್ "ಅಪ್‌ಲೋಡ್ ಆಯ್ತಾ?" ಅಂತ ಕೇಳಿದಾಗ "ಆಯ್ತು ಸಾರ್" ಅಂತಷ್ಟೇ ಹೇಳಬೇಡಿ. "ಬಂದಿದ್ದು 2,14,306, ಸೇರಿದ್ದು 2,14,251, ನಿಂತಿದ್ದು 55, ಅವರ ಪಟ್ಟಿ ಇಲ್ಲಿದೆ" ಅಂತ ಹೇಳಿ. ಆ 55 ಜನರಿಗೆ ಅವತ್ತೇ ಯಾರಾದರೂ ಫೋನ್ ಮಾಡಬಹುದು.